ಬಾಗಿಲಿಗೆ ಬೆನ್ನು ಮಾಡಿ ನಿಲ್ಲುವ ಸೀತವ್ವ

“ಶ್ರೀಶೈಲಪ್ಪಾರ, ಒಳಗ ನೀವ ಅದೀರಲ್ರಿ?”

ಸಂಡಾಸದ ತಗಡಿನ ಬಾಗಿಲಿಗೆ ಬೆನ್ನು ಮಾಡಿ ನಿಂತು ಸೀತವ್ವ ಕೂಗುತ್ತಾರೆ. ಒಳಗಿನಿಂದ ಬರೀ ಕೆಮ್ಮು. ಹಿತ್ತಲಿನ ಎಮ್ಮೆ ಮೇವು ಬಿಟ್ಟು ತಲೆಯೆತ್ತಿ ನೋಡುತ್ತದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ.

“ಮಾತಾಡ್ರಿ. ನನಗ ದನಿ ಕೇಳಬೇಕು.”

“ನಾನ ಅದೇನವಾ! ಮತ್ಯಾರು ಬಂದು ಕುಂದರ್ತಾರ ಇಲ್ಲಿ? ನೀ ಹಿಂಗ ಪೊಲೀಸರಂಗ ಕಾವಲ ನಿಂತ್ರ ಬರೂದೂ ಒಳಗ ಹೊಕ್ಕೈತಿ.”

ಅಡುಗೆಮನೆಯ ಕಿಟಕಿಯಲ್ಲಿ ನಗು ಸಿಡಿಯುತ್ತದೆ. ಅದು ಶ್ರೀಶೈಲಪ್ಪನವರ ಹೆಂಡತಿ ಸಿದ್ದಲಿಂಗವ್ವನವರದು. “ನಿಂದರು ತಂಗಿ, ಬಿಡಬ್ಯಾಡ. ಈ ಮನ್ಯಾಗ ಅವರು ತಮ್ಮ ಕೈಲೆ ಮಾಡಿಕೊಳ್ಳೂದು ಇದೊಂದ ಕೆಲಸ. ಹ್ವಾದ ವರ್ಷ ಇದನ್ನೂ ನನಗ ಹಚ್ಚಿದ್ರು!”

ಬಾಗಿಲು ತೆರೆಯುತ್ತದೆ. ಶ್ರೀಶೈಲಪ್ಪ ಯಾರ ಮುಖವನ್ನೂ ನೋಡದೆ ಕೈಯಲ್ಲಿದ್ದ ಪುಟ್ಟ ಡಬ್ಬಿಯನ್ನು ಕಲ್ಲಿನ ಮೆಟ್ಟಿಲ ಮೇಲಿಟ್ಟು ನಲ್ಲಿಯ ಕಡೆ ನಡೆದುಬಿಡುತ್ತಾರೆ. ಸಿದ್ದಲಿಂಗವ್ವ ಒಲೆಯ ಮುಂದಿನ ಇಕ್ಕಳ ಹಿಡಿದು ಬರುತ್ತಾರೆ. ಅದರ ತುದಿಯಲ್ಲಿ ಡಬ್ಬಿಯನ್ನು ಕಚ್ಚಿಸಿ, ಸೆರಗಿನಿಂದ ಮೂಗು ಮುಚ್ಚಿ, ತೋಳು ಪೂರ್ತಿ ಚಾಚಿ ಸೀತವ್ವನತ್ತ ಹಿಡಿಯುತ್ತಾರೆ. ಡಬ್ಬಿಯ ಮುಚ್ಚಳ ಭದ್ರವಾಗಿದೆ. ಹೊರಗೆ ಒಂದು ಕಲೆ ಇಲ್ಲ, ವಾಸನೆಯೂ ಇಲ್ಲ. ಸೀತವ್ವ ಕೈಗವಸಿನ ಕೈಯಿಂದ ಅದನ್ನು ತೆಗೆದುಕೊಂಡು, ಒರೆಸಿ, ಹೆಸರಿನ ಚೀಟಿ ಅಂಟಿಸಿ, ಸ್ಕೂಟಿಯ ಮೇಲಿನ ತಂಪುಪೆಟ್ಟಿಗೆಗೆ ಇಳಿಸುತ್ತಾರೆ.

ಮನಗೂಳಿಯಿಂದ ಒಳಕ್ಕೆ ಹೋಗುವ ದಾರಿಯಲ್ಲಿ ಅವರನ್ನು ಕೇಳಿದರೆ ಹೇಳುತ್ತಾರೆ: “ಡಬ್ಬಿಗಿ ಹೇಸ್ತಾರೋ ನನಗ ಹೇಸ್ತಾರೋ, ನಾ ಕೇಳಂಗಿಲ್ರಿ. ಕೇಳಿದ್ರ ಡಬ್ಬಿ ಸಿಗಂಗಿಲ್ಲ.”

ಡಬ್ಬಿ ಹೆಬ್ಬೆರಳಿಗಿಂತ ತುಸು ದಪ್ಪ. ಮುಚ್ಚಳಕ್ಕೇ ಅಂಟಿಕೊಂಡ ಪುಟ್ಟ ಚಮಚ, ತಳದಲ್ಲಿ ನೀಲಿ ದ್ರವ. ಕಡಲೆಕಾಳಿನಷ್ಟು ಮಲ ಹಾಕಿ ಅಲುಗಾಡಿಸಿದರೆ ಸಾಕು. ನಮ್ಮ ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಸಂಸಾರ ಹೂಡಿವೆ. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಮೊಳೆಯುವಾಗ, ಎಷ್ಟೋ ಸಲ ಹೊಟ್ಟೆನೋವು ಕಾಣಿಸಿಕೊಳ್ಳುವ ಮೊದಲೇ, ಈ ಸಂಸಾರದಲ್ಲಿ ಏರುಪೇರಾಗುತ್ತದೆ. ಬಾಯಲ್ಲಿರಬೇಕಾದ ಕೆಲವು ಬಗೆಯ ಜೀವಿಗಳು ಕರುಳಿಗಿಳಿದು ಗುಂಪುಗಟ್ಟುತ್ತವೆ, ಕರುಳಿನಲ್ಲಿರಬೇಕಾದ ಕೆಲವು ಕಡಿಮೆಯಾಗುತ್ತವೆ. ಆ ಬದಲಾವಣೆಯನ್ನು ಮಲದಲ್ಲೇ ಗುರುತಿಸಿ ರೋಗವನ್ನು ಮೊದಲೇ ಹಿಡಿಯಬಹುದೆ ಎಂದು ಸಂಶೋಧಕರ ತಂಡವೊಂದು ಈ ಭಾಗದ ಹಳ್ಳಿಗಳಲ್ಲಿ ಅಧ್ಯಯನ ನಡೆಸುತ್ತಿದೆ. ಡಬ್ಬಿ ಅನುಮಾನವನ್ನಷ್ಟೇ ಹೇಳುತ್ತದೆ. ಖಚಿತಪಡಿಸಲು ಕರುಳಿಗೆ ಕ್ಯಾಮೆರಾ ಇಳಿಸಿಯೇ ನೋಡಬೇಕು. ಆದರೆ ಅನುಮಾನ ಬರಬೇಕಾದರೂ ಡಬ್ಬಿ ಬರಬೇಕಲ್ಲ. ಅದನ್ನು ಮನೆಮನೆಯಿಂದ ತರುವವರು ಸೀತವ್ವ.

ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಎಂದು ವಾರವಿಡೀ ಸುತ್ತಾಟ. ಇಂಡಿಯ ಕಡೆ ಲಿಂಬೆ ತೋಟದಲ್ಲಿ ಬೆಳಗಿನ ಕೊಯ್ಲಿಗೆ ನಿಂತವರನ್ನು ಹಿಡಿಯಬೇಕು. ಮುದ್ದೇಬಿಹಾಳದ ಕಡೆ ಕಲ್ಲಿನ ಗಣಿಗೆ ಹೊರಡುವವರನ್ನು ಅದಕ್ಕೂ ಮೊದಲೇ ಹಿಡಿಯಬೇಕು. ಹಿಂದಿನ ದಿನ ಕೊಟ್ಟ ಡಬ್ಬಿಯಲ್ಲಿ ಮಗಳ ಕಿವಿಯೋಲೆ ಇಟ್ಟುಕೊಂಡವರಿದ್ದಾರೆ. ನೀಲಿ ದ್ರವ ಹೊಟ್ಟೆಹುಳದ ಔಷಧವೆಂದು ಕುಡಿಯಲು ಹೊರಟವರಿದ್ದಾರೆ. ಸಿಂದಗಿಯ ಚಹಾದಂಗಡಿಯಲ್ಲಿ ತಂಪುಪೆಟ್ಟಿಗೆಯನ್ನು ಬೆಂಚಿನ ಮೇಲಿಡಲು ಬಿಡುವುದಿಲ್ಲ. “ಮೀನ ಏನವಾ ಅದರಾಗ?” ಎಂದು ಒಬ್ಬ ಕೇಳಿದ. ತಮ್ಮ ಗಂಡ ಆಲಮಟ್ಟಿಯ ಮೀನಿನ ಗಾಡಿ ಓಡಿಸುವುದರಿಂದ ಸೀತವ್ವ ಹೌದೆಂದುಬಿಟ್ಟರು. ಆತ ಬೆನ್ನು ಹತ್ತಿದ. ಎರಡು ಕಿಲೋ ಕೊಡು, ತೂಕದಲ್ಲಿ ಮೋಸ ಮಾಡಬೇಡ! ಇದನ್ನು ಹೇಳುತ್ತ ಸೀತವ್ವ ಸ್ಕೂಟಿ ನಿಲ್ಲಿಸಿ ನಗುತ್ತಾರೆ. ನಕ್ಕು ಮುಗಿಸಿ, “ಹೇಲಿನ ಬಾಯಿ, ಹೇಲಿನಾಕಿ ಅಂತ ಹೆಸರಿಟ್ಟಾರ ನನಗ. ಹುಡುಗ್ರು ಅಲ್ರಿ, ದೊಡ್ಡವರ,” ಅನ್ನುತ್ತಾರೆ. ಆ ಮಾತಿಗೆ ನಗು ಇರುವುದಿಲ್ಲ.

ಹಾಗಾದರೆ ಈ ಬಾಗಿಲ ಕಾವಲು ಯಾಕೆ? ಕಾರಣ ಕೇಳಿದಾಗ ನಂಬುವುದೇ ಕಷ್ಟವಾಗುತ್ತದೆ.

ಕಳೆದ ವರ್ಷ ಮುದ್ದೇಬಿಹಾಳದ ಕಡೆಯ ಒಬ್ಬ ಗೃಹಸ್ಥರ ಡಬ್ಬಿ ಜೋರಾಗಿ ಎಚ್ಚರಿಸಿತ್ತು. ಅವರನ್ನು ಕರೆಸಿ ಕ್ಯಾಮೆರಾ ಇಳಿಸಿ ನೋಡಿದರೆ ಏನೂ ಇಲ್ಲ. ಕರುಳು ನಿರ್ಮಲ. ಪ್ರಯೋಗಾಲಯದ ಅರುಣಕುಮಾರ ಎಂಬ ಯುವ ಸಂಶೋಧಕರಿಗೆ ನಿದ್ದೆ ಬಾರದಾಯಿತು. ಮಲದಲ್ಲಿ ಸೂಕ್ಷ್ಮಜೀವಿಗಳ ಜೊತೆ ಮನುಷ್ಯನ ಡಿಎನ್‌ಎ ಕೂಡ ಚೂರುಪಾರು ಇರುತ್ತದೆ. ಅದನ್ನು ಹೆಕ್ಕಿ ನೋಡಿದರು. ಗೃಹಸ್ಥರ ಹೆಸರಿನ ಡಬ್ಬಿಯಲ್ಲಿದ್ದದ್ದು ಹೆಂಗಸಿನ ಡಿಎನ್‌ಎ.

ಹೆಂಡತಿ ವಿಜಯಲಕ್ಷ್ಮಿ ಮೊದಲು ಒಪ್ಪಲಿಲ್ಲ. ಸೀತವ್ವ ಅವರ ಜೊತೆ ಕೂತು ಶೇಂಗಾ ಸುಲಿಯುತ್ತ ಮೆಲ್ಲಗೆ ಕೇಳಿದಾಗ ಬಾಯಿಬಿಟ್ಟರು. ಯಜಮಾನರು ನಸುಕಿಗೇ ಹೊಲಕ್ಕೆ ಹೋಗಿದ್ದರು, ಡಬ್ಬಿ ಖಾಲಿ ಇತ್ತು. ಮನೆಯ ಡಬ್ಬಿಯಲ್ಲವೆ, ತಾವೇ ತುಂಬಿದರು. ರೇಷನ್ ಕಾರ್ಡಿನಲ್ಲಿ ಹೆಸರು ಅವರದು, ಸಾಲಿನಲ್ಲಿ ನಿಂತು ಅಕ್ಕಿ ತರುವವರು ಇವರು. ಇದೂ ಹಾಗೆಯೇ ಅಂದುಕೊಂಡರು. ವಿಜಯಲಕ್ಷ್ಮಿಯ ಕರುಳಿನಲ್ಲಿ ಗಂಟು ಸಿಕ್ಕಿತು. ಕ್ಯಾನ್ಸರ್ ಇನ್ನೂ ಆ ಗಂಟಿನಾಚೆ ಕಾಲಿಟ್ಟಿರಲಿಲ್ಲ. ತೆಗೆದರು. ಈಗ ಅವರು ಎಂದಿನಂತೆ ಹೊಲಕ್ಕೆ ಬುತ್ತಿ ಒಯ್ಯುತ್ತಾರೆ.

ಒಂದು ಜೀವ ಉಳಿದ ಸಂತೋಷದ ಹಿಂದೆಯೇ ದಿಗಿಲು ಬಂತು. ಗಂಡಸರ ಹೆಸರಿನ ಎಲ್ಲ ಡಬ್ಬಿಗಳನ್ನೂ ಅರುಣಕುಮಾರ ಮತ್ತೆ ತೆಗೆದು ನೋಡಿದರು. ಊರಿಂದೂರಿಗೆ ಅದೇ ಕತೆ. ಏನೂ ಇಲ್ಲ, ಆರೋಗ್ಯವಾಗಿದ್ದೀರಿ ಎಂದು ಹೇಳಿಸಿಕೊಂಡು, ಪೇಢಾ ಹಂಚಿ, ಬೆನ್ನು ತಟ್ಟಿಸಿಕೊಂಡ ಎಷ್ಟೋ ಗಂಡಸರು ಪರೀಕ್ಷೆಯನ್ನೇ ಮಾಡಿಸಿಕೊಂಡಿರಲಿಲ್ಲ. ಅವರು ಆರೋಗ್ಯವಾಗಿದ್ದಾರೆಂದು ಮನೆಬಾಗಿಲಿಗೆ ಹೋಗಿ ಹೇಳಿದವರು ಸೀತವ್ವ.

“ನನ್ನ ಬಾಯಿಲೆ ಹೇಳೇನ್ರಿ, ಚಲೋ ಅದೀರಿ ಅಂತ. ಅಂವ ಚಲೋ ಅದಾನೋ ಇಲ್ಲೋ ಯಾರಿಗಿ ಗೊತ್ತು? ಚಲೋ ಇದ್ದಾಕಿ ಅವನ ಹೇಣ್ತಿ!”

ಅಂದಿನಿಂದ ಸೀತವ್ವ ಡಬ್ಬಿಯನ್ನು ಕೊಟ್ಟು ಹೋಗುವುದಿಲ್ಲ. ನಿಂತು ತುಂಬಿಸಿಕೊಳ್ಳುತ್ತಾರೆ. ಸಂಡಾಸ ಇದ್ದಲ್ಲಿ ಬಾಗಿಲಿಗೆ ಬೆನ್ನು ಮಾಡಿ, ಚರಗಿ ಹಿಡಿದು ಬಯಲಿಗೆ ಹೋಗುವವರಿದ್ದರೆ ಬದುವಿನ ಈಚೆ ಬೆನ್ನು ಮಾಡಿ.

ಮತ್ತೆ ಡಬ್ಬಿ ತರಬೇಕಾದವರ ಹೆಸರುಗಳನ್ನು ಅರುಣಕುಮಾರ ಕಳೆದ ವಾರ ಫೋನಿನಲ್ಲಿ ಹೇಳಿದರು. ಆಗ ಸೀತವ್ವ ಇಂಡಿಯ ಬಸ್ ನಿಲ್ದಾಣದಲ್ಲಿದ್ದರು. ಪಟ್ಟಿಯಲ್ಲಿ ನಿಡಗುಂದಿಯ ಸರದಿ ಬಂದಾಗ ಅರುಣಕುಮಾರರ ದನಿ ತಡವರಿಸಿತು. “ಇನ್ನೊಬ್ರು ಅದಾರ್ರಿ ಅಕ್ಕಾರ. ಭೀಮಶ್ಯಾ ಅಂತ ಐತಿ. ನಿಮ್ಮ ತಂದೆಯವರ ಅಲ್ರಿ?”

ಇಂಡಿಯ ಆ ಗದ್ದಲದಲ್ಲಿ ತಮಗೆ ಬೇರೇನೂ ಕೇಳಿಸಲಿಲ್ಲ ಅನ್ನುತ್ತಾರೆ ಸೀತವ್ವ.

ಇಂದು ಮಧ್ಯಾಹ್ನ ಸ್ಕೂಟಿ ನಿಡಗುಂದಿಯ ಹೊರಗಿನ ಪುನರ್ವಸತಿ ಬಡಾವಣೆಗೆ ತಿರುಗುತ್ತದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಮನೆಗಳು ಇಲ್ಲಿವೆ. ಸೀತವ್ವನ ಮನೆಗೆ ಅಂಟಿಕೊಂಡಂತೆಯೇ ತಂದೆತಾಯಿಯ ಮನೆ. ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಚಿತ್ರಗಳು. ಭೀಮಶ್ಯಾ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸ ಮಾಡಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಅಂಗಿ ಹಾಕದೆ ಹೊಸ್ತಿಲು ದಾಟುವವರಲ್ಲ. ಆ ಅಂಗಿ ಈಗ ಹೆಗಲಿನಿಂದ ಜೋಲುತ್ತಿದೆ.

ಭೀಮಶ್ಯಾರ ತಾಯಿ ದುರ್ಗವ್ವ ಹಳೆಯ ಊರಿನ ಪೇಟೆ ಓಣಿಯಲ್ಲಿ ಮನೆಮನೆಯ ಪಾಯಖಾನೆ ಬಳಿದು, ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಊರಾಚೆ ಸುರಿಯುತ್ತಿದ್ದರು. ಮುಳುಗಡೆಯ ನೋಟಿಸು ಬಂದಾಗ ಊರೆಲ್ಲ ಅತ್ತಿತು, ದುರ್ಗವ್ವ ಅಳಲಿಲ್ಲ. ಬುಟ್ಟಿಯನ್ನು ಓಣಿಯ ಗೋಡೆಯ ಮೇಲೆ ಬೋರಲು ಹಾಕಿ, ಬರಿಗೈಯಲ್ಲಿ ಟ್ರ್ಯಾಕ್ಟರ್ ಹತ್ತಿದರು. ಮಗಳು ಈ ಕೆಲಸಕ್ಕೆ ಸೇರಿದ ದಿನ ಭೀಮಶ್ಯಾ ಕೇಳಿದ್ದು ಒಂದೇ ಮಾತು: “ನಮ್ಮವ್ವ ಇಳಿಸಿದ್ದನ್ನ ನೀ ಎತ್ತಿದೇನ?” ಅಂಥವರು ಕಳೆದ ವರ್ಷ ಗೊಣಗದೆ ಡಬ್ಬಿ ಕೊಟ್ಟಾಗ ಸೀತವ್ವ ಹಿಗ್ಗಿದ್ದರು. ಅಪ್ಪ ಕೊನೆಗೂ ತನ್ನ ಕೆಲಸವನ್ನು ಒಪ್ಪಿದರೆಂದು ಗೆಳತಿಯರಿಗೆಲ್ಲ ಹೇಳಿದ್ದರು.

ಸೀತವ್ವನ ತಾಯಿ ಕಸ್ತೂರೆವ್ವ ಮುಚ್ಚಿಡುವುದಿಲ್ಲ. “ಹೌದವಾ, ನಾನ ತುಂಬೇನಿ. ನೀ ಕೊಡು ಅಂದಿ, ಅಂವ ಒಲ್ಲೆ ಅಂದ. ಇಬ್ಬರ ನಡುವ ನಾ ಏನ ಮಾಡ್ಲಿ?” ಜೋಳದ ಹಿಟ್ಟಿನ ಕೈ ಕೊಡವುತ್ತ ದನಿ ತಗ್ಗಿಸುತ್ತಾರೆ. “ದೀಪಾವಳಿಯಿಂದ ಧೋತರ ನನಗ ಒಗ್ಯಾಕ ಕೊಡವಲ್ಲ. ತಾನ ಕಾಲುವಿಗಿ ಒಯ್ತಾನ.”

ಸೀತವ್ವ ಕೇಳಿಸಿಕೊಂಡು ಗೋಡೆಗೆ ಒರಗುತ್ತಾರೆ. ಒಗೆಯಲು ಕೊಡದ ಧೋತರದಲ್ಲಿ ಏನಿರುತ್ತದೆಂದು ಎಷ್ಟು ಮನೆಗಳಲ್ಲಿ ಅವರೇ ಕೇಳಿಲ್ಲ? ಹೊರಸಿನ ಮೇಲೆ ಕೂತ ಅಪ್ಪನ ಮುಂದೆ ಹೋಗಿ ಖಾಲಿ ಡಬ್ಬಿ ಇಡುತ್ತಾರೆ.

“ಅಪ್ಪಾ, ರಕ್ತ ಹೊಂಟೈತೇನ?”

“ಮೂಲವ್ಯಾಧಿ. ಗೇಟಿನ ಕಬ್ಬಿಣದ ಮ್ಯಾಲ ಕುಂತು ಕುಂತು ಬಂದದ್ದು.”

“ಇರಬಹುದು. ನೋಡಿಬಿಡೂಣು. ನಾಳೆ ನನ್ನ ಗೂಡ ದವಾಖಾನಿಗಿ ಬಾ.”

“ಇದರ ಸಲುವಾಗಿ ದವಾಖಾನಿಗಿ ಬರಂಗಿಲ್ಲ. ಯಾರ ಮುಂದೂ ಧೋತರ ಬಿಚ್ಚಂಗಿಲ್ಲ.”

“ಹಂಗಾರ ಡಬ್ಬಿ ಕೊಡು. ಮುಟ್ಟಾಕ ಬ್ಯಾಡ, ಚಮಚ ಐತಿ. ಮುದ್ದೇಬಿಹಾಳದಾಕಿ ಉಳಿದ್ಲಪಾ. ಇಷ್ಟ ಸಣ್ಣದಿತ್ತು ಆಕಿದು.” ಕಿರುಬೆರಳಿನ ಉಗುರು ತೋರಿಸುತ್ತಾರೆ. “ತಡಾ ಮಾಡಿದ್ರ ದೊಡ್ಡದಾಗ್ತೈತಿ.”

“ಊರಾಗಿಂದು ತಗೊಂಡು ಹೋಗು. ಪಗಾರದ ಕೆಲಸ, ನಾ ಬ್ಯಾಡ ಅನ್ನಂಗಿಲ್ಲ. ನಂದು ಹೊರಾಕ ನಿನ್ನ ಸಾಲಿಗಿ ಕಳಿಸಿಲ್ಲ.”

“ನಾ ಹೊರಂಗಿಲ್ಲ. ಅರುಣಕುಮಾರ ಸರ್ ಬಂದು ಒಯ್ತಾರ.”

“ಅಂವನೂ ಯಾರದೋ ಮಗನ ಅಲ್ಲ?”

ಕಸ್ತೂರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಾರೆ. ಸೀತವ್ವ ಡಬ್ಬಿ ಎತ್ತಿಕೊಂಡು ಹೋಗಿ ಹಿತ್ತಲಿನ ಸಂಡಾಸದ ಬಾಗಿಲು ತೆರೆದಿಟ್ಟು, ಅದನ್ನು ಮೆಟ್ಟಿಲ ಮೇಲಿಟ್ಟು, ಶ್ರೀಶೈಲಪ್ಪನವರ ಮನೆಯಲ್ಲಿ ನಿಂತ ಹಾಗೆಯೇ ಬೆನ್ನು ಮಾಡಿ ನಿಲ್ಲುತ್ತಾರೆ.

“ನಾ ನೋಡಂಗಿಲ್ಲಪಾ. ಎಷ್ಟೊತ್ತಾದ್ರೂ ನಿಂದರ್ತೇನಿ.”

ಹೊರಸು ಕಿರುಗುಟ್ಟುತ್ತದೆ. ಹಿಂದಿನಿಂದ ಹೆಜ್ಜೆಗಳು ಬರುತ್ತವೆ, ನಿಧಾನವಾಗಿ, ಮೆಟ್ಟಿಲಿನವರೆಗೂ. ಭೀಮಶ್ಯಾ ಬಗ್ಗುತ್ತಾರೆ, ಬಗ್ಗುವಾಗ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಡಬ್ಬಿಯನ್ನು ಎತ್ತಿ ಹೆಗಲ ಮೇಲಿನ ಬಿಳಿಯ ವಸ್ತ್ರದಿಂದ ಸುತ್ತಲೂ ಒರೆಸುತ್ತಾರೆ. ಮಗಳ ಮುಂದೆ ಬಂದು ನಿಂತು, ಅವಳ ಬರಿಗೈ ಬಿಡಿಸಿ, ಖಾಲಿ ಡಬ್ಬಿಯನ್ನು ಅಂಗೈಯೊಳಗಿಟ್ಟು, ತಮ್ಮ ಎರಡೂ ಕೈಗಳಿಂದ ಅವಳ ಬೆರಳುಗಳನ್ನು ಮುಚ್ಚುತ್ತಾರೆ.

“ಒಲ್ಲೆ,” ಅನ್ನುತ್ತಾರೆ.