ಕತ್ತರಿಯ ಊಟ

ಬಾಯಿ ಹರಿತವಾದ್ದರಿಂದ ದರ್ಜಿ ಅಂಗಡಿಯ ಅಕ್ಕನನ್ನು ಬೀದಿಯವರು ಕತ್ತರಿ ಎಂದೇ ಕರೆಯುತ್ತಿದ್ದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಆಪರೇಷನ್ ಆಗಿ ಅವಳು ಮನೆಗೆ ಬಂದಾಗ ಅಡುಗೆ ಮಾಡಲು ಬಂದವಳು, ವರ್ಷಗಳಿಂದ ಮಾತು ಬಿಟ್ಟಿದ್ದ ತಂಗಿ. ಕರೆಯಲು ಬೇರೆ ಯಾರೂ ಇರಲಿಲ್ಲ.

ಮೊದಲ ದಿನವೇ ಜಗಳ ಹತ್ತಿಕೊಂಡಿತು. ಎಣ್ಣೆ, ಮೊಟ್ಟೆ, ಸಿಹಿ ಎಲ್ಲವೂ ಗಡ್ಡೆ ಬೆಳೆಸುತ್ತವೆ ಎಂದು ಯಾರೋ ಕಿವಿಯಲ್ಲಿ ಊದಿದ್ದನ್ನು ತಂಗಿ ನಂಬಿಬಿಟ್ಟಿದ್ದಳು. ಹೊತ್ತುಹೊತ್ತಿಗೂ ನೀರುಗಂಜಿ.

"ಇದು ಊಟಾನೋ, ಗೋಡೆಗೆ ಬಳಿಯೋ ಸುಣ್ಣಾನೋ?"

"ಬದುಕ್ಬೇಕು ಅಂದ್ರೆ ಬಾಯ್ಮುಚ್ಕೊಂಡು ಕುಡಿ."

"ನನ್ನ ಸಾಯಿಸೋಕೇ ಬಂದಿದ್ದೀಯ ನೀನು."

"ಅದಕ್ಕೆ ಬರ್ಬೇಕಿತ್ತಾ? ಮನೇಲಿ ಸುಮ್ನೆ ಕೂತಿದ್ರೆ ಸಾಕಿತ್ತು!"

ತಂಗಿ ಹೊರಗೆ ಹೋದಾಗ ಅಕ್ಕ ಎದುರಿನ ಅಂಗಡಿಯಿಂದ ಕರಿದ ತಿಂಡಿ ತರಿಸಿ ಹೊಟ್ಟೆ ಬಿರಿಯ ತಿಂದಳು. ಆಮೇಲೆ ಹೊಟ್ಟೆ ಹಿಂಡಿ, ತಿಂದದ್ದೆಲ್ಲ ಎಣ್ಣೆಜಿಡ್ಡಿನ ಭೇದಿಯಾಗಿ ಹೊರಗೆ ಹೋಯಿತು. ಅಕ್ಕನನ್ನು ಬೈಯಲು ತಂಗಿಗೆ ಹೊಸ ಸರಕು ಸಿಕ್ಕಿತು. ಜೀರ್ಣಕ್ಕೆಂದು ಆಸ್ಪತ್ರೆಯವರು ಕೊಟ್ಟ ಗುಳಿಗೆಗಳನ್ನೋ, ಅಕ್ಕ ಬೆಳಿಗ್ಗೆ ಖಾಲಿ ಹೊಟ್ಟೆಗೆ ಇಡೀ ದಿನದ್ದನ್ನು ಒಟ್ಟಿಗೇ ನುಂಗುತ್ತಿದ್ದಳು. ತನ್ನ ರವಿಕೆಯ ಬದಿಗೆ ತಾನೇ ಮತ್ತೆ ಮತ್ತೆ ಹೊಲಿಗೆ ಹಾಕಿಕೊಂಡಳು. ಬಿಗಿ ಮಾಡಿದಷ್ಟೂ ಅದು ಸಡಿಲವಾಯಿತು.

ಕೀಮೋಗೆ ಹೋದಾಗ ಡಾಕ್ಟರು ತೂಕ ನೋಡಿ, ಈ ಸ್ಥಿತಿಯಲ್ಲಿ ಔಷಧಿ ಏರಿಸಲಾಗದೆಂದು ವಾಪಸ್ ಕಳಿಸಿ, ಆಹಾರ ಸಲಹೆಗಾರ್ತಿಯನ್ನು ಕಾಣಲು ಹೇಳಿದರು. ಅವಳ ಕೋಣೆಯಲ್ಲೂ ಅಕ್ಕತಂಗಿಯರು ಒಬ್ಬರ ಮೇಲೊಬ್ಬರು ಹರಿಹಾಯ್ದರು. ಆಕೆ ಮೇಜು ಕುಟ್ಟಿದಳು.

"ಜಗಳ ಆಚೆ ಆಡಿ. ಇಬ್ರದ್ದೂ ತಪ್ಪೇ. ಸ್ವಲ್ಪ ಸ್ವಲ್ಪ, ಆದ್ರೆ ಮೇಲಿಂದ ಮೇಲೆ ತಿನ್ಬೇಕು. ಮೊಟ್ಟೆ, ಬೇಳೆ, ಮೊಸರು, ಎಲ್ಲಾ ಇರ್ಲಿ. ಎಣ್ಣೆ ಪೂರ್ತಿ ಬಿಡ್ಬೇಡಿ, ಕರಿದಿದ್ದು ಬೇಡ. ಗುಳಿಗೆ ಮಾತ್ರ ಮೊದಲ ತುತ್ತಿನ ಜೊತೆಗೇ ಹೋಗ್ಬೇಕು. ತಿಂಡಿಗೂ ಅಷ್ಟೇ. ಇಲ್ದಿದ್ರೆ ತಿಂದಿದ್ದು ಮೈಗೆ ಹತ್ತಲ್ಲ."

ಮನೆ ತಲುಪಿ ತಂಗಿ ಬೇಯಿಸಿದ ಮೊಟ್ಟೆಯನ್ನು ತಟ್ಟೆಗೆ ಕುಕ್ಕಿದಳು. ಅಕ್ಕ ಒಂದು ಚೂರು ಕಚ್ಚಿ, ಜೊತೆಗೇ ಗುಳಿಗೆ ನುಂಗಿದಳು.

"ಉಪ್ಪಿಲ್ಲ."

"ನಾಲಿಗೆ ಕೆಟ್ಟಿರೋದು ನಿಂದು."

ಆ ರಾತ್ರಿ ಹೊಟ್ಟೆ ನೋಯಲಿಲ್ಲ. ತಂಗಿ ಇಡುತ್ತಲೇ ಹೋದಳು, ಅಕ್ಕ ಗೊಣಗುತ್ತಲೇ ತಿಂದಳು. ಹಸಿವಿಲ್ಲದ ದಿನಗಳಲ್ಲಿ, ತಂಗಿಯ ಮುಂದೆ ಸೋಲಬಾರದೆಂಬ ಹಟಕ್ಕೇ ತುತ್ತು ಇಳಿಯಿತು. ಸೊರಗುವುದು ನಿಂತು ತೂಕ ತುಸು ಏರಿತು; ಕೀಮೋ ಶುರುವಾಗಿ, ವಾಂತಿ ಸುಸ್ತುಗಳ ನಡುವೆಯೇ ಮುಗಿಯಿತು.

ಅಕ್ಕ ಮತ್ತೆ ಮಷಿನ್ನಿಗೆ ಕೂರುವ ದಿನ ತಂಗಿ ಚೀಲ ಕಟ್ಟಿಕೊಂಡಳು.

"ಇನ್ಮೇಲೆ ನೀನೇ ಮಾಡ್ಕೊಂಡು ತಿನ್ನು. ನನ್ನ ಕೈಲಿ ಇನ್ನಾಗಲ್ಲ."

"ಇರು ಅಂದೋರ್ಯಾರು?" ಎಂದಳು ಅಕ್ಕ, ತಲೆ ಎತ್ತದೆ.

ತಂಗಿ ಬಾಗಿಲು ದಡಾರನೆ ಹಾಕಿಕೊಂಡು ಹೋದಳು. ಅಕ್ಕ ಬಟ್ಟೆ ಬದಿಗಿಟ್ಟು ಮೊಸರನ್ನದ ಡಬ್ಬಿ ತೆರೆದು, ತಿನ್ನಲು ಕುಳಿತು, ಮೊದಲ ತುತ್ತಿನ ಜೊತೆಗೇ ಗುಳಿಗೆ ಹಾಕಿಕೊಂಡಳು.