ನೀನು ಮರೆತಿರಲಿಲ್ಲ, ನೀಲಾ

ನೀಲಾ, ಆ ದಿನ ಫೋನಿನಲ್ಲಿ ವಿಪಿಎನ್ ಹಚ್ಚುವುದನ್ನು ನೀನು ಮರೆತೆ ಎಂದು ನಾನು ಹೇಳಿದ್ದು ಸುಳ್ಳು. ನೀನು ಮರೆತಿರಲಿಲ್ಲ. ನಾನು ಆರಿಸಿಕೊಟ್ಟ ಆ್ಯಪೇ ಕೈಕೊಟ್ಟಿತ್ತು — ಮತ್ತು ಸುಳ್ಳು ಹೇಳುವ ಹೊತ್ತಿಗೆ ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಇಷ್ಟು ಹೇಳಿ ನಿಲ್ಲಿಸಿಬಿಡಬಹುದು. ಆದರೆ ನೀನು ಯಾಕೆ ಎಂದು ಕೇಳುತ್ತೀ. ಆ ಯಾಕೆಯ ಬೆನ್ನು ಹತ್ತಿ ಹೋದರೆ ನಾನು ಪ್ರತಿ ಸಲವೂ ಕಾಸಾರಶಿರಸಿಯಿಂದ ಉಮರ್ಗಾಕ್ಕೆ ನಾವು ಶಾಲೆಗೆಂದು ಹತ್ತುತ್ತಿದ್ದ ಬಸ್ಸಿನಲ್ಲೇ ಹೋಗಿ ಕೂರುತ್ತೇನೆ.

ಹಿಂದಿನ ಸೀಟು, ಕಿಟಕಿ ಯಾವತ್ತೂ ನಿನ್ನದು. ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಮಹಾರಾಷ್ಟ್ರದ ಗಡಿಯೂರು, ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಸುತ್ತ ಕುಳಿತ ಹುಡುಗಿಯರಿಗೆ ತಿಳಿಯಬಾರದ್ದನ್ನೆಲ್ಲ ನಾವು ಕನ್ನಡದಲ್ಲಿ, ಅದೂ ಗಂಟಲು ಹರಿಯುವ ಹಾಗೆ ಮಾತಾಡುತ್ತಿದ್ದೆವು — ಗಣಿತದ ಮೇಡಂ ಸೀರೆ, ಕಂಡಕ್ಟರನ ಮೀಸೆ, ಯಾರು ಯಾರನ್ನು ನೋಡಿ ನಕ್ಕರು. ಒಂದು ದಿನ ಮುಂದಿನ ಸೀಟಿನಲ್ಲಿದ್ದ ಬಳೆ ಮಾರುವ ಮುದುಕಿ ಇಳಿಯುವಾಗ ನಮ್ಮ ಕಡೆ ತಿರುಗಿದಳು. "ಸಣ್ಣ ದನಿಲೆ ಮಾತಾಡ್ರೆವ್ವಾ, ಈ ಬಸ್ಸಿನ್ಯಾಗ ಅರ್ಧ ಮಂದಿಗಿ ಕನ್ನಡ ಬರ್ತದ," ಎಂದಳು. ನಾನು ನಾಚಿ ಸೀಟಿನ ಕೆಳಗೆ ತೂರಿಕೊಂಡಿದ್ದೆ. ನೀನು ಉಮರ್ಗಾ ಬರುವವರೆಗೂ ನಕ್ಕಿದ್ದೆ.

ನಿನಗೆ ಮರೆವು ಎಂಬುದೇ ಇರಲಿಲ್ಲ ಆಗ. ಯಾರ ಕಂಪಾಸು ಯಾರ ಹತ್ತಿರ ಹೋಗಿದೆ, ನಿಲಂಗಾಕ್ಕೆ ತಿರುಗುವ ಬಸ್ಸು ಯಾವುದು, ಯಾವ ಪಾಠದಲ್ಲಿ ಯಾರ ಹೆಸರು — ಎಲ್ಲ ನಿನ್ನ ನಾಲಿಗೆಯ ತುದಿಯಲ್ಲಿ. ನಾನು ಹೋಮ್‌ವರ್ಕ್ ಮರೆತು ಬಂದರೆ ನೀನು ಬಸ್ಸಿನಲ್ಲೇ ಹೇಳಿ ಬರೆಸುತ್ತಿದ್ದೆ. ಅಂಥವಳ ತಲೆಯ ಮೇಲೆ ನಾನು ಹೊರಿಸಿದ್ದು ಮರೆವನ್ನೇ, ನೋಡು.

ಮದುವೆಯಾಗಿ ನೀನು ಉದಗೀರಕ್ಕೆ ಹೋದೆ. ನಾನು ಉಮರ್ಗಾದಲ್ಲೇ ಉಳಿದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸತೊಡಗಿದೆ. ನಿನ್ನ ದೊಡ್ಡ ಭಾವ ಇಡೀ ಗಲ್ಲಿಗೆ ವೈಫೈ ಕೊಡುವವರು. ಒಂದು ದಿನ ಊಟಕ್ಕೆ ಕೂತಾಗ, ಮನೆಯಲ್ಲಿ ಯಾರೋ ಮಧ್ಯಾಹ್ನವೆಲ್ಲ ಅಡುಗೆಯ ಸೈಟು ನೋಡುತ್ತಾರೆ ಎಂದು ಅವರು ನಕ್ಕರಂತೆ. ಎಲ್ಲರೂ ನಕ್ಕರು, ನೀನು ಮರುದಿನವೇ ನನಗೆ ಫೋನು ಮಾಡಿದೆ. ಏಕೆಂದರೆ ನೀನು ಆಗಷ್ಟೇ ಬೆಳೆದು ನಿಂತ ಮಗಳು ಗೌರಿಗೆ ಕಲಬುರಗಿಯ ನರ್ಸಿಂಗ್ ಕಾಲೇಜು ಹುಡುಕತೊಡಗಿದ್ದೆ, ಮತ್ತು ಭಾವ ಜಳಕೋಟದ ಕಡೆಯ ಒಂದು ಸಂಬಂಧ ಮಾತಾಡುತ್ತಿದ್ದರು. ಸೀಟು ಕೈಗೆ ಬಂದರೆ ಗೌರಿಯ ಅಪ್ಪ ಒಪ್ಪುತ್ತಾರೆ ಎಂದು ನಿನಗೆ ಖಾತ್ರಿಯಿತ್ತು — ಕೆಟ್ಟ ಮನುಷ್ಯರಲ್ಲ ಅವರು, ಅಣ್ಣನ ಮುಂದೆ ಬಾಯಿ ಬರುವುದಿಲ್ಲ, ಅಷ್ಟೇ. ಅಲ್ಲಿಯವರೆಗೆ ಮಾತ್ರ ಯಾರಿಗೂ ಸುಳಿವು ಸಿಗಬಾರದು. ಅರ್ಜಿ ನಾನೇ ತುಂಬಿಕೊಡುತ್ತೇನೆ ಎಂದೆ. ಮಗಳ ಅರ್ಜಿ ನಿನ್ನ ಕೈಯಿಂದಲೇ ಹೋಗಬೇಕು ಎಂದು ನಿನ್ನ ಹಟ.

ಹಾಗಾಗಿ ನೀನು ಕೇಳಿದ್ದು ಒಂದೇ: ಭಾವನ ಕಣ್ಣಿಗೆ ಬೀಳದಂತೆ ಮಾಡುವ ಒಂದು ನಂಬಿಕಸ್ತ ವಿಪಿಎನ್ ಹುಡುಕಿಕೊಡು.

ನಾವು ಯಾವ ಸೈಟಿಗೆ ಹೋಗುತ್ತೇವೆಂಬುದು ವೈಫೈ ಕೊಡುವವರಿಗೆ ಕಾಣದ ಹಾಗೆ ಮುಸುಕು ಹಾಕುವುದೇ ಅದರ ಕೆಲಸ. ಅದನ್ನು ಹೇಗೆ ಆರಿಸಬೇಕೆಂದು ನಾನು ವಾರಕ್ಕೊಮ್ಮೆ ಮಕ್ಕಳಿಗೆ ಪಾಠ ಹೇಳುವವಳು. ಪುಕ್ಕಟೆಯದನ್ನು ಕಣ್ಣುಮುಚ್ಚಿ ನಂಬಬೇಡಿ. ನಡೆಸುವವರು ಯಾರು, ನಮ್ಮ ಓಡಾಟವನ್ನು ಅವರೇ ಬರೆದಿಟ್ಟುಕೊಳ್ಳುತ್ತಾರೋ, ನೋಡಿ. ಎಲ್ಲಕ್ಕಿಂತ ಮುಖ್ಯ, ನಡುವೆ ಮುಸುಕು ಜಾರಿದರೆ ಇಂಟರ್ನೆಟ್ಟನ್ನೂ ಆ ಕ್ಷಣವೇ ನಿಲ್ಲಿಸುವ ಏರ್ಪಾಡು ಇದೆಯೋ, ಪರೀಕ್ಷಿಸಿ.

ನಿನಗಾಗಿ ನಾನು ಇದರಲ್ಲಿ ಒಂದನ್ನೂ ಮಾಡಲಿಲ್ಲ. ಕ್ಲಾಸಿನ ನಡುವಿನ ಬಿಡುವಿನಲ್ಲಿ ಪಟ್ಟಿ ತೆರೆದೆ. ಎಲ್ಲ ಇಂಗ್ಲಿಷು, ಹಿಂದಿ. ಕೆಳಗೆ ಒಂದೇ ಒಂದು ಆ್ಯಪು ಕನ್ನಡದಲ್ಲಿತ್ತು. "ನಿಮ್ಮ ಗುಟ್ಟು ನಮ್ಮಲ್ಲಿ ಭದ್ರ" ಎಂದು ದುಂಡಗೆ ಬರೆದಿತ್ತು. ಅಂಗಡಿಯ ಬೋರ್ಡು, ಬಸ್ಸಿನ ಹಲಗೆ, ಲಗ್ನಪತ್ರಿಕೆ — ಯಾವುದರಲ್ಲೂ ನಮ್ಮ ಅಕ್ಷರ ಕಾಣದ ಊರಿನಲ್ಲಿ ಬಾಳುವವಳು ನಾನು. ಸಂತೆಯಲ್ಲಿ ತವರಿನವರು ಸಿಕ್ಕ ಹಾಗಾಯಿತು. ಯಾರದು, ಯಾವ ದೇಶದ್ದು ಎಂದೂ ನೋಡದೆ ನಿನಗೆ ಕಳಿಸಿಬಿಟ್ಟೆ. ನಾನು ಹಾಕಿ ನೋಡಿದ್ದೇನೆಯೇ ಎಂದು ನೀನು ಕೇಳಿದಾಗ, ವರ್ಷದಿಂದ ಅದನ್ನೇ ಬಳಸುತ್ತಿದ್ದೇನೆ ಎಂದೆ. ಅದು ಮೊದಲನೆಯ ಸುಳ್ಳು. ನೀನು ತೆರೆದು ನೋಡಿ ಎಷ್ಟು ಖುಷಿಪಟ್ಟೆ.

"ಇದು ನಮ್ಮ ಬಸ್ಸಿನ ಹಿಂದಿನ ಸೀಟೇ ಆತಲ್ಲ, ಸುಗಲಾ," ಎಂದಿದ್ದೆ.

ಅರ್ಜಿ ಅರ್ಧ ತುಂಬಿತ್ತು. ಒಂದು ರಾತ್ರಿ ಊಟದ ಹೊತ್ತಿಗೆ ಭಾವ ಕಾಲೇಜಿನ ಹೆಸರನ್ನೇ ಹೇಳಿ, ಇದನ್ನು ನೋಡುತ್ತಿರುವವರು ಯಾರು ಎಂದು ಕೇಳಿದರು. ನೀನು ಮರುದಿನ ಅಳುತ್ತ ಫೋನು ಮಾಡಿದೆ. ನೋಡಿ ಹೇಳುತ್ತೇನೆ ಎಂದು ಇಟ್ಟು, ಆಗ — ಆಗ ಮೊದಲ ಸಲ — ಆ ಆ್ಯಪನ್ನು ನನ್ನ ಫೋನಿಗೆ ಹಾಕಿಕೊಂಡೆ. ನಿಮ್ಮಲ್ಲೂ ನಮ್ಮಲ್ಲೂ ಕರೆಂಟು ಹೋಗಿ ಬರುವುದು ದಿನದ ಮಾತು. ಅದನ್ನೇ ಪರೀಕ್ಷಿಸಲು ವೈಫೈ ಆರಿಸಿ ಮತ್ತೆ ಹಚ್ಚಿದೆ. ಮುಸುಕು ಇದೆ ಎಂದು ಫೋನಿನ ಮೇಲೆ ತೋರಿಸುವ ಕೀಲಿಯ ಗುರುತು ಮಾಯವಾಗಿತ್ತು, ಇಂಟರ್ನೆಟ್ ಮಾತ್ರ ಏನೂ ಆಗದವರ ಹಾಗೆ ನಡೆದಿತ್ತು. ಒಂದು ಸದ್ದಿಲ್ಲ, ಒಂದು ಎಚ್ಚರಿಕೆಯಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ನೀನು ಬರಿಮೈಯಲ್ಲಿ ಭಾವನ ಕಣ್ಣೆದುರು ನಿಂತಿದ್ದೆ.

ನೀನು ಮತ್ತೆ ಫೋನು ಮಾಡಿದೆ. ಗೌರಿ ನಿನ್ನ ಪಕ್ಕದಲ್ಲಿದ್ದಳು, ನೀನು ಸ್ಪೀಕರ್ ಹಾಕಿದ್ದೆ.

"ನಾ ಏನರೆ ತಪ್ಪು ಒತ್ತಿದೆನೇನ, ಸುಗಲಾ?"

ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಊರಿಗೆಲ್ಲ ಕಂಪ್ಯೂಟರ್ ಕಲಿಸುವ ಬಾಯಿಯ ದರ್ಪ —

"ನೀ ಹಚ್ಚೋದೇ ಮರ್ತಿದ್ದೀ ನೋಡು," ಎಂದೆ. "ಆ್ಯಪ್ ಚಲೋನೇ ಅದ."

ಗೌರಿಯ ದನಿ ಕೇಳಿಸಿತು. "ಹೋಗ್ಲಿ ಬಿಡವ್ವಾ, ನೀ ಬೇಕಂತ ಮರ್ತಿಲ್ಲಲ್ಲ."

ಫೋನುಗಳು ಭಾವನ ಕೈಗೆ ಹೋದವು. ಅರ್ಜಿಯ ಗಡುವು ಮುಗಿಯಿತು. ಗೌರಿ ಜಳಕೋಟಕ್ಕೆ ಸೊಸೆಯಾಗಿ ಹೋದಳು. ಅಕ್ಷತೆ ಹಾಕಿ ಹೋಳಿಗೆ ಉಂಡು ಬಂದವರಲ್ಲಿ ನಾನೂ ಒಬ್ಬಳು. ಆ ಮನೆಯವರು ಒಳ್ಳೆಯವರು, ನಿಜ. ಅದನ್ನೇ ನಾನು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ.

ಆದರೆ ನಿನ್ನನ್ನು ನೋಡುತ್ತ ಬಂದಿದ್ದೇನೆ. ಉಮರ್ಗಾಕ್ಕೆ ಬಂದಾಗ ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಉದಗೀರಕ್ಕೆ ಫೋನು ಮಾಡುತ್ತೀ. ಕೀಲಿ ಹಾಕಿ, ಎಳೆದು ನೋಡಿ, ಅಂಗಳ ದಾಟಿ, ಮತ್ತೆ ತಿರುಗಿ ಹೋಗುತ್ತೀ. ಯಾರಾದರೂ ಏನಾದರೂ ಕೇಳಿದರೆ ನನ್ನ ತಲೆ ನೆಟ್ಟಗಿಲ್ಲ ಎಂದು ನೀನೇ ಮೊದಲು ನಗುತ್ತೀ. ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದ ಆ ಹುಡುಗಿಯನ್ನು ನಾನು ಒಂದೇ ಮಾತಿನಲ್ಲಿ ಕೊಂದುಹಾಕಿದೆ. ನೀನು ಹಾಗೆ ನಕ್ಕಾಗಲೆಲ್ಲ ನಾನು ಮಾತು ಬದಲಿಸಿದೆ.

ಮೊನ್ನೆ ನೀನು ಫೋನಿನಲ್ಲಿ ಹೇಳಿದೆ: ಗೌರಿಯ ಅತ್ತೆಮನೆಯವರು ಈಗ ಓದಲಿ ಎನ್ನುತ್ತಿದ್ದಾರೆ, ಅವಳು ಉದಗೀರಕ್ಕೆ ಬಂದಿದ್ದಾಳೆ, ಈ ಸಲದ ಅರ್ಜಿಯನ್ನಾದರೂ ಅವ್ವ ತುಂಬಲಿ ಎಂದು ಅವಳ ಆಸೆ. ನಿನ್ನ ಉತ್ತರವನ್ನೂ ನೀನೇ ನಗುತ್ತ ಹೇಳಿದೆ.

"ನನ್ನ ಕೈಗಿ ಕೊಡಬ್ಯಾಡ ತಾಯಿ, ನಾ ಮರೀತೀನಿ ಅಂದೆ."

ನಾಳೆ ಬೆಳಗಿನ ಬಸ್ಸಿಗೆ ಉದಗೀರಕ್ಕೆ ಬರುತ್ತಿದ್ದೇನೆ. ಸುಳ್ಳು ಗೌರಿಯ ಎದುರು ಹೇಳಿದ್ದರಿಂದ ನಿಜವನ್ನೂ ಅವಳ ಎದುರೇ ಹೇಳುತ್ತೇನೆ. ಭಾವ ಮನೆಯಲ್ಲಿದ್ದರೆ ಅವರಿಗೂ ಕೇಳಲಿ, ಸಣ್ಣ ದನಿ ಮಾಡುವುದಿಲ್ಲ. ಹೊಟ್ಟೆಯಲ್ಲಿ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ. ಆಮೇಲೆ ನೀನು ನನ್ನ ಮುಖ ನೋಡದಿದ್ದರೂ ಸರಿ.

ಅರ್ಜಿ ಮಾತ್ರ ನಿನ್ನ ಕೈಯಾರೆ ತುಂಬು, ನೀಲಾ.