ತಂಗಿ ಓಡಿಸಿದ ಜೀಪು

ಮದುವೆಯಾಗಿ ನಾನು ಮೂಡಲಗಿಗೆ ಬಂದಾಗ ಹಾಸಿಗೆ, ಭಾಂಡೆಗಳ ಜೊತೆ ಒಂದು ಹಳೆಯ ಕಂಪ್ಯೂಟರೂ ಟೆಂಪೋದಲ್ಲಿ ಬಂತು. ಗೋಕಾಕದಲ್ಲಿ ಅಪ್ಪನದು ಫೋಟೋ ಸ್ಟುಡಿಯೋ ಇತ್ತು. ಮದುವೆಯ ವಿಡಿಯೋ ಜೋಡಿಸಲಿಕ್ಕೆಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಹಾಕಿಸಿ ಅಪ್ಪ ಮಾಡಿಸಿದ್ದ ಯಂತ್ರ ಅದು. ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ನನಗೆ ಆಲ್ಬಮ್ ಡಿಸೈನ್ ಮಾಡಲು ಬರುತ್ತಿದ್ದುದರಿಂದ, ಗಂಡನ ಮನೆಯಲ್ಲಿ ಸುಮ್ಮನೆ ಕೂರುವುದು ಬೇಡವೆಂದು ಅಪ್ಪ ಅದನ್ನು ನನ್ನ ಹಿಂದೆ ಕಳಿಸಿದ. ಗಂಡನ ಮನೆಯವರದು ಗೊಬ್ಬರ-ಬೀಜದ ಅಂಗಡಿ. ಮಹಡಿಯ ಮೇಲೆ ಖಾಲಿ ಚೀಲಗಳನ್ನು ಒಟ್ಟಿದ್ದ ಕೋಣೆಯಲ್ಲಿ ಕಂಪ್ಯೂಟರಿಗೆ ಒಂದು ಮೂಲೆ ಸಿಕ್ಕಿತು.

ವರ್ಷ ಕಳೆಯುವುದರೊಳಗೆ ಅದರಲ್ಲಿದ್ದ ವಿಂಡೋಸ್ ತೆವಳತೊಡಗಿತು. ಹೊಸ ವಿಂಡೋಸ್ ಇಷ್ಟು ಹಳೆಯ ಯಂತ್ರಕ್ಕೆ ಕೂರುವುದಿಲ್ಲ ಎಂದು ಕಂಪ್ಯೂಟರ್ ಅಂಗಡಿಯವರು ಕೈ ತೊಳೆದುಕೊಂಡರು. ಆಗ ತಂಗಿ ಬಂದಳು. ಅವಳು ಗೋಕಾಕದಲ್ಲೇ ಕಂಪ್ಯೂಟರ್ ಓದುತ್ತಿದ್ದಳು, ಅವಳ ಲ್ಯಾಪ್‌ಟಾಪಿನಲ್ಲಿ ವಿಂಡೋಸಿನ ಬದಲು ಇದ್ದದ್ದು ಲಿನಕ್ಸ್. ಅದರ ವಿಷಯ ಮಾತಾಡಲು ಶುರು ಮಾಡಿದರೆ ಅವಳಿಗೆ ಊಟದ ಪರಿವೆಯೂ ಇರುತ್ತಿರಲಿಲ್ಲ.

"ಹಳೇದಾತು ಅಂತ ಒಗಿಯಾಕ ಬರ್ತೈತೇನಕ್ಕಾ? ಲಿನಕ್ಸ್ ಹಾಕ್ತೇನಿ ನೋಡು. ಹೊಸಾ ಮಷೀನ್ ತಂದಂಗ ಆಗ್ತೈತಿ."

ಹಾಕಿದಳು. ಆಲ್ಬಮ್ ಕೆಲಸ ಸರಾಗವಾಗಿ ನಡೆಯತೊಡಗಿತು. ಆಮೇಲೆ, ನಾನು ಕೇಳದೇ ಇದ್ದರೂ, ಒಂದು ಆಟವನ್ನೂ ಹಾಕಿಕೊಟ್ಟಳು. ಅದು ವಿಂಡೋಸಿಗೆಂದು ಮಾಡಿದ ಆಟ. ನಡುವೆ ಇನ್ನೊಂದು ಸಾಫ್ಟ್‌ವೇರ್ ಇಟ್ಟು ಲಿನಕ್ಸಿನಲ್ಲಿ ಓಡಿಸಬೇಕು. ಗ್ರಾಫಿಕ್ಸ್ ಕಾರ್ಡು ನಡೆಸಲು ಲಿನಕ್ಸಿನ ಜೊತೆ ಬಂದಿದ್ದ ಡ್ರೈವರ್ ತಂತ್ರಾಂಶದಲ್ಲಿ ಚಿತ್ರ ತಡೆತಡೆದು ಬರುತ್ತಿತ್ತು. ಕಾರ್ಡಿನಿಂದ ಪೂರಾ ಕೆಲಸ ತೆಗೆಯಬೇಕೆಂದರೆ ಕಾರ್ಡಿನ ಕಂಪನಿಯೇ ಮಾಡಿದ ಡ್ರೈವರು ಬೇಕಂತೆ. ಅದನ್ನೂ ಎಲ್ಲಿಂದಲೋ ಹುಡುಕಿ ಕೂರಿಸಿ, ಗೋಕಾಕದ ಬಸ್ಸು ಹತ್ತಿದಳು.

ಆಟದಲ್ಲಿ ಕಾಡು, ಕೆಸರು, ಹಳ್ಳ ದಾಟಿ ಜೀಪು ಓಡಿಸಬೇಕು. ಒಂದು ಜೀಪಿಗೆ ಇಬ್ಬರು. ಒಬ್ಬರ ಕೈಯಲ್ಲಿ ಸ್ಟೇರಿಂಗು. ಇನ್ನೊಬ್ಬರಿಗೆ ಮಾತ್ರ ನಕ್ಷೆ ಕಾಣುತ್ತದೆ, ಅವರು ದಾರಿ ಹೇಳಬೇಕು. ತಂಗಿ ಗೋಕಾಕದಲ್ಲಿ ಕೂತು ಓಡಿಸುತ್ತಿದ್ದಳು, ನಾನು ಮೂಡಲಗಿಯಲ್ಲಿ ಕೂತು ಹೆಡ್‌ಫೋನಿನ ಮೈಕಿನಲ್ಲಿ ಹೇಳುತ್ತಿದ್ದೆ. ಇಬ್ಬರಿಗೂ ಸ್ಕೂಟಿ ಬಿಟ್ಟು ಬೇರೇನೂ ನಡೆಸಲು ಬರುತ್ತಿರಲಿಲ್ಲ. ಮಧ್ಯಾಹ್ನ ಊಟ ಮುಗಿದು ಭಾಂಡೆ ತೊಳೆದಿಟ್ಟ ಮೇಲೆ ನನಗೆ ಬಿಡುವು. ಒಂದು ದಿನ ನಾನು ಮೈಮರೆತು ಕೂಗಿದ್ದು ಕೆಳಗೆ ಅಡ್ಡಾಗಿದ್ದ ಅತ್ತೆಗೆ ಕೇಳಿತು. ಮೆಟ್ಟಿಲು ಹತ್ತಿ ಬಂದೇಬಿಟ್ಟರು.

"ಯಾರ್ನವಾ ಹಂಗ ಒದರಾಕತ್ತೀ? ಹಳ್ಳ ಐತಿ, ಹೊಳ್ಳು, ಹೊಳ್ಳು ಅಂತ? ಎಲ್ಲೈತಿ ಹಳ್ಳ?"

"ಕಂಪ್ಯೂಟರ್ ಕೆಲಸಾರಿ ಅತ್ತಿ. ತಂಗಿ ಕಲಸಾಕತ್ತಾಳ್ರಿ."

ಅತ್ತೆ ಪರದೆಯನ್ನೂ ನನ್ನನ್ನೂ ನೋಡಿ, "ಕಲತು ಉದ್ಧಾರ ಆಗು" ಎಂದು ಇಳಿದುಹೋದರು. ಕಿವಿಯಲ್ಲಿ ತಂಗಿ ಉಸಿರು ಕಟ್ಟುವಂತೆ ನಗುತ್ತಿದ್ದಳು.

ಆ ಮನೆಯಲ್ಲಿ ಫೋನಿನಲ್ಲಿ ಮಾತಾಡಿದರೆ ಎಲ್ಲರಿಗೂ ಕೇಳುತ್ತದೆ. ತವರಿನ ಜೊತೆ ಬಹಳ ಹೊತ್ತು ಮಾತಾಡಿದರೆ, "ಏನಂತಾರ ಬೀಗರು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಟದಲ್ಲಿ ಹಾಗಿರಲಿಲ್ಲ, ಅದು ಕಂಪ್ಯೂಟರ್ ಕೆಲಸವೆಂದೇ ಎಲ್ಲರ ಲೆಕ್ಕ. ದಾರಿ ಹೇಳುವುದರ ನಡುವೆ ಏನು ಬೇಕಾದರೂ ಹೇಳಬಹುದಿತ್ತು. ಹೊಟ್ಟೆಯಲ್ಲಿದ್ದ ಕೂಸು ನಿಲ್ಲಲಿಲ್ಲ ಎಂಬುದನ್ನು ನಾನು ಅವ್ವನಿಗಿಂತ ಮೊದಲು ಅವಳಿಗೆ ಹೇಳಿದ್ದು ಅಲ್ಲಿಯೇ. ಅವಳು ಜೀಪನ್ನು ಒಂದು ಹೊಳೆಯ ದಂಡೆಗೆ ನಿಲ್ಲಿಸಿದಳು. ಹಿಂದೆ ಇದ್ದ ಜೀಪುಗಳೆಲ್ಲ ನಮ್ಮ ಮೇಲೆ ಕೆಸರು ಹಾರಿಸುತ್ತ ದಾಟಿ ಹೋದವು. "ಹೋಗ್ಲಿ ಬಿಡಕ್ಕಾ" ಎಂದಳು. ಜೀಪುಗಳಿಗೆ ಹೇಳಿದಳೋ ಬೇರೆಯದಕ್ಕೆ ಹೇಳಿದಳೋ ಗೊತ್ತಿಲ್ಲ. ಅವಳು ಅಳುತ್ತಿದ್ದುದು ಕೇಳುತ್ತಿತ್ತು.

ಮುಂದೆ ಅವಳಿಗೆ ಹುಕ್ಕೇರಿಯ ಕಾಲೇಜೊಂದರಲ್ಲಿ ಕಲಿಸುವ ಕೆಲಸ ಸಿಕ್ಕಿತು. ಅಲ್ಲೇ ರೂಮು ಮಾಡಿದಳು. ಹೊಸ ಲ್ಯಾಪ್‌ಟಾಪ್ ಕೊಂಡಳು. ಕಾಲೇಜಿನ ಕೆಲಸಕ್ಕೆ ಅದರಲ್ಲಿ ವಿಂಡೋಸೇ ಇರಬೇಕು ಎಂದಳು. ಇರಲಿ ಬಿಡು ಅಂದುಕೊಂಡೆ. ಅವಳು ಯಾವುದರಲ್ಲಿ ಓಡಿಸಿದರೆ ನನಗೇನು, ಜೀಪು ಅದೇ.

ಆ ಬೇಸಿಗೆಯಲ್ಲಿ ಒಂದು ಅಪ್‌ಡೇಟ್ ಬಂತು. ಹಾಕಿ, ಕಂಪ್ಯೂಟರ್ ಮತ್ತೆ ಚಾಲೂ ಮಾಡಿದರೆ ಪರದೆ ಕಪ್ಪು. ಫೋನಿನಲ್ಲೇ ಹುಡುಕಿ ಓದಿದೆ. ಲಿನಕ್ಸಿನ ತಿರುಳು, ಅಂದರೆ ಕರ್ನಲ್, ಹೊಸದಾಗಿತ್ತು. ನನ್ನ ಕಾರ್ಡು ಹಳೆಯದೆಂದು ಕಂಪನಿ ಅದಕ್ಕೆ ಹೊಸ ಡ್ರೈವರು ಮಾಡುವುದನ್ನು ನಿಲ್ಲಿಸಿಬಿಟ್ಟಿತ್ತು. ಹಳೆಯ ಡ್ರೈವರು ಹೊಸ ತಿರುಳಿಗೆ ಹೊಂದುವುದಿಲ್ಲ. ನನ್ನ ಮುರುಕು ಇಂಗ್ಲಿಷಿನಲ್ಲಿ ಅಂತರ್ಜಾಲದ ಒಂದು ವೇದಿಕೆಯಲ್ಲಿ ಕೇಳಿದೆ. ಇದು ಕಂಪನಿಯ ತಪ್ಪು, ಲಿನಕ್ಸಿನದಲ್ಲ ಎಂದು ಒಬ್ಬರು ಬರೆದರು. ಇಷ್ಟು ಹಳೆಯ ಕಾರ್ಡು ಇಟ್ಟುಕೊಂಡದ್ದು ನಿನ್ನದೇ ತಪ್ಪು ಎಂದು ಇನ್ನೊಬ್ಬರು ಬರೆದರು. ಮುಂದೆ ಅವರಿಬ್ಬರೂ ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರು. ಕಪ್ಪು ಪರದೆ ನನ್ನ ಮುಂದೆ ಹಾಗೆಯೇ ಇತ್ತು.

ಕಂಪನಿಯ ಡ್ರೈವರು ಕಿತ್ತುಹಾಕಿ ಲಿನಕ್ಸಿನದನ್ನೇ ಹಾಕಿದಾಗ ಪರದೆಯೇನೋ ಬಂತು. ಆಲ್ಬಮ್ ಕೆಲಸಕ್ಕೆ ತೊಂದರೆ ಇರಲಿಲ್ಲ. ಆಟ ಮಾತ್ರ ಈ ಸಲ ತಡೆತಡೆದೂ ಬರಲಿಲ್ಲ, ಏಳಲೇ ಇಲ್ಲ. ಗಂಡ ಊಟಕ್ಕೆ ಬಂದಾಗ ಹೇಳಿದೆ.

"ಕೆಲಸಕ್ಕ ಸಾಕಾಗ್ತೈತಿಲ್ಲ? ಮತ್ತೇನ್ ಬೇಕು ನಿನಗ?" ಎಂದರು. ಸಿಟ್ಟಿನಿಂದಲ್ಲ, ಖರೆಯಾಗಿ ತಿಳಿಯದೆ ಕೇಳಿದ್ದರು. ನಾನು ಇನ್ನೊಂದು ರೊಟ್ಟಿ ಹಾಕಿದೆ.

ತಂಗಿಗೆ ಫೋನ್ ಮಾಡಿದರೆ ಮೊದಮೊದಲು ಏನಾದರೂ ಹೇಳುತ್ತಿದ್ದಳು. ಆಮೇಲೆ ಪರೀಕ್ಷೆ, ಪೇಪರ್ ತಿದ್ದುವುದು, ಮೀಟಿಂಗು. "ನೀನ ಓದಿ ಮಾಡ್ತಿ ಬಿಡಕ್ಕಾ, ನಿನಗ ಬರ್ತೈತಿ." ಹಾಗೆಯೇ ಕಲಿತೆ. ಹಳೆಯ ತಿರುಳನ್ನು ಮತ್ತೆ ತಂದು, ಅದು ಮುಂದೆ ಬದಲಾಗದಂತೆ ಕಟ್ಟಿಹಾಕಿ, ಅದರ ಮೇಲೆ ಹಳೆಯ ಡ್ರೈವರು ಕೂರಿಸುವುದು. ಒಂದು ಅಕ್ಷರ ತಪ್ಪಿದರೆ ಮತ್ತೆ ಕಪ್ಪು. ಎಷ್ಟು ಮಧ್ಯಾಹ್ನಗಳು ಹೋದವೋ. ಆದ ಸಣ್ಣಸಣ್ಣದ್ದನ್ನೆಲ್ಲ ತಂಗಿಗೆ ಮೆಸೇಜು ಮಾಡುತ್ತಿದ್ದೆ, ಅವಳು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದಳು.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಎಲ್ಲವೂ ಸರಿಯಾಯಿತು. ಪರದೆಯ ತುಂಬ ಕಾಡು ಎದ್ದು ನಿಂತಿತು. ಎಲೆಗಳು ಅಲುಗಾಡುವುದೂ ಕಾಣುತ್ತಿತ್ತು. ನಾನೊಬ್ಬಳೇ ಕೋಣೆಯಲ್ಲಿ ಚಪ್ಪಾಳೆ ಹೊಡೆದೆ. ಜೊತೆಗಾರರನ್ನು ಕರೆಯುವ ಗುಂಡಿ ಒತ್ತಿದಾಗ ಒಂದು ಸೂಚನೆ ಬಂತು. ಮೋಸದಾಟ ತಡೆಯಲು ಕಾವಲು ತಂತ್ರಾಂಶ ಅಳವಡಿಸಲಾಗಿದೆ. ಲಿನಕ್ಸಿನಿಂದ ಬರುವವರಿಗೆ ಇನ್ನು ಮುಂದೆ ಪ್ರವೇಶವಿಲ್ಲ.

ಎಷ್ಟೋ ಸಲ ಓದಿದೆ. ನಾನು ಮೋಸ ಮಾಡಿದ್ದೇನೆಂದು ಅವರು ಹೇಳಿರಲಿಲ್ಲ, ಮಾಡಿಲ್ಲವೆಂದು ನೋಡುವ ಗೊಡವೆಗೂ ಹೋಗಿರಲಿಲ್ಲ. ಆ ದಿಕ್ಕಿನ ಬಾಗಿಲನ್ನೇ ಮುಚ್ಚಿದ್ದರು.

ತಂಗಿಗೆ ಫೋನ್ ಮಾಡಿದೆ. ಪಡಸಾಲೆಯಲ್ಲಿ ಅತ್ತೆ ಇದ್ದರು, ಇರಲಿ ಅನಿಸಿತು.

"ಹೌದಕ್ಕಾ" ಎಂದಳು. "ನನಗ ಗೊತ್ತಿತ್ತು."

"ಯಾವಾಗಿಂದ?"

"ನೀ ಡ್ರೈವರ್ ಕೂಡಸಾಕತ್ತಿದ್ದೆಲ್ಲ, ಅವಾಗ ಬಂತದು."

"ಮತ್ತ ಹೇಳಬಾರದೇನ?"

"ನೀ ಅಷ್ಟು ಹುರುಪಿಲೆ ಮಾಡಾಕತ್ತಿದ್ದಿ. ಹೆಂಗ ಹೇಳ್ಲಿ? ಮುಂದ ನೀನ ಬ್ಯಾಸತ್ತು ಬಿಡ್ತಿ ಅನ್ಕೊಂಡಿದ್ದೆ."

ಫೋನ್ ಇಟ್ಟುಬಿಟ್ಟೆ. ಕಂಪನಿಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅವರಿಗೆ ನಾನು ಯಾರೆಂಬುದೇ ಗೊತ್ತಿಲ್ಲ. ಇವಳಿಗೆ ಗೊತ್ತಿತ್ತು. ಪ್ರತಿ ಮಧ್ಯಾಹ್ನ ನಾನು ಮೆಸೇಜು ಕಳಿಸುವಾಗ, ತಾನು ಹೆಬ್ಬೆರಳು ಎತ್ತುವಾಗ, ಇದು ಎಲ್ಲಿಗೂ ಮುಟ್ಟುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ನಾಗರ ಪಂಚಮಿಗೆ ಇಬ್ಬರೂ ಗೋಕಾಕಕ್ಕೆ ಹೋದೆವು. ಅವ್ವ ಉಂಡಿ ಕಟ್ಟುತ್ತಿದ್ದಳು. ತಂಗಿ ಒಳಗಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನು ಹಾಕಿ ಅದೇ ಆಟ ಆಡುತ್ತಿದ್ದಳು. ನಾನು ಹಿಂದೆ ಹೋಗಿ ನಿಂತೆ. ಅವಳು ಬಹಳ ಚೆನ್ನಾಗಿ ಓಡಿಸುತ್ತಿದ್ದಳು, ನನ್ನ ಜೊತೆ ಇದ್ದಾಗಿನದಕ್ಕಿಂತ. ದಾರಿ ಹೇಳುತ್ತಿದ್ದವರು ಯಾರೋ. ಅವಳು ಅವರಿಗೆ ಹಿಂದಿಯಲ್ಲಿ ಉತ್ತರ ಕೊಡುತ್ತ ನಗುತ್ತಿದ್ದಳು. ನಾನು ನಿಂತದ್ದು ಕಂಡು ಹೆಡ್‌ಫೋನು ಇಳಿಸಿದಳು.

"ಸಿಟ್ಟು ಇನ್ನೂ ಹೋಗಿಲ್ಲೇನಕ್ಕಾ? ಬರೇ ಆಟ ಅದು."

"ನಿನಗ ಆಟ."

"ಮತ್ತ ನಾ ಏನ್ ಮಾಡ್ಬೇಕಿತ್ತು? ನಿನಗ ಬರಾಕಾಗಲಿಲ್ಲಂತ ನಾನೂ ಬಿಡ್ಲೇನು? ಹುಕ್ಕೇರ್ಯಾಗ ಒಬ್ಬಾಕಿನ ಇರ್ತೇನಿ. ನನಗೂ ಯಾರರ ಬೇಕಲ್ಲ ಮಾತಾಡಾಕ?"

ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅಡುಗೆಮನೆಗೆ ಹೋಗಿ ಅವ್ವನ ಜೊತೆ ಉಂಡಿ ಕಟ್ಟಲು ಕೂತೆ.

ದೀಪಾವಳಿಯ ಹೊತ್ತಿಗೆ ಅವಳು ಇನ್ನೂ ದೊಡ್ಡ ಲ್ಯಾಪ್‌ಟಾಪ್ ಕೊಂಡು ಮೊದಲಿನದನ್ನು ಅಪ್ಪನ ಕೈಯಲ್ಲಿ ನನಗೆ ಕಳಿಸಿದಳು. ವಿಂಡೋಸ್ ಇತ್ತು, ಆಟವನ್ನೂ ಹಾಕಿಯೇ ಕಳಿಸಿದ್ದಳು. ಬೇಡವೆಂದು ವಾಪಸು ಕಳಿಸುವ ಮನಸ್ಸಾಗಿತ್ತು. ಹಬ್ಬಕ್ಕೆಂದು ಧುಪದಾಳದಿಂದ ಬಂದಿದ್ದ ನೆಂಟರ ಎದುರು ಅಪ್ಪನ ಮುಖ ಸಣ್ಣದಾಗಬಾರದೆಂದು ಇಟ್ಟುಕೊಂಡೆ. ಒಂದು ರವಿವಾರ ಮಧ್ಯಾಹ್ನ ಅವಳೇ ಕರೆದಳು. ಕೂತೆವು. ಯಾವ ಬಾಗಿಲೂ ಅಡ್ಡ ಬರಲಿಲ್ಲ, ಚಿತ್ರ ಎಲ್ಲೂ ತಡೆಯಲಿಲ್ಲ. ನಾನು ದಾರಿ ಹೇಳುವ ಮೊದಲೇ ಅವಳು ಜೀಪು ತಿರುಗಿಸುತ್ತಿದ್ದಳು, ದಾರಿಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು.

"ಅರಾಮಿದ್ದೀ?" ಎಂದಳು.

"ಅರಾಮಿದ್ದೇನಿ. ನೀನು?"

"ನಾನೂ ಅರಾಮ."

ಅಷ್ಟೇ. ಜೀಪು ಓಡುತ್ತಲೇ ಇತ್ತು, ಗೆದ್ದೆವು ಕೂಡ. "ಬರ್ತೇನಕ್ಕಾ, ನನ್ನ ಟೀಮಿನವರು ಕಾಯಾಕತ್ತಾರ" ಎಂದು ಹೋದಳು.

ಮುಂದಿನ ವಾರ ಅವ್ವ ಫೋನ್ ಮಾಡಿ, ತಂಗಿಗೆ ಹುಡುಗ ಗೊತ್ತಾದ ವಿಷಯ ಹೇಳಿದಳು. ಇಬ್ಬರೂ ಒಪ್ಪಿ ಆಗಲೇ ತಿಂಗಳಾಗುತ್ತ ಬಂದಿತ್ತಂತೆ. "ನಿನಗ ಹೇಳಿರಬೇಕಲ್ಲ ಅಕಿ" ಎಂದಳು ಅವ್ವ. "ಹ್ಞೂಂ, ಹೇಳ್ಯಾಳ" ಎಂದೆ.

ಆ ಲ್ಯಾಪ್‌ಟಾಪನ್ನು ಗಂಡ ಅಂಗಡಿಗೆ ಒಯ್ದಿದ್ದಾರೆ. ಗಿರಾಕಿ ಇಲ್ಲದಾಗ ಅದರಲ್ಲಿ ಕ್ರಿಕೆಟ್ ನೋಡುತ್ತಾರೆ.